ಕಲ್ಲಿನ ಮೇಲೊಂದು ಬಯೋಡಾಟಾ

ಬಾದಾಮಿಯ ಸಮೀಪದ ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷ ದೇವಾಲಯವನ್ನು ನೋಡದೆ ಹಿಂತಿರುಗುವುದಿಲ್ಲ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ರಾಜ ರಾಣಿಯರ ಹೆಸರು ಶಾಸನದಲ್ಲಿ ಇರುವುದು ಸಹಜ. ಆದರೆ ಈ ಗುಡಿಯಲ್ಲಿ ಕೈಯಲ್ಲಿ ಉಳಿ ಹಿಡಿದ ಇಬ್ಬರ ಹೆಸರೂ ಉಳಿದಿದೆ. ಒಬ್ಬ ಗುಂಡ ಅನಿವಾರಿತಾಚಾರಿ, ಇನ್ನೊಬ್ಬ ಸರ್ವಸಿದ್ಧಿ ಆಚಾರಿ.

ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತೆಂದು ಶಾಸನ ತಿಳಿಸುತ್ತದೆ. ಸರ್ವಸಿದ್ಧಿಯ ಶಾಸನ ಇನ್ನೂ ಕುತೂಹಲಕರ. ಅವನು ಗುಣವಂತ ಎಂದು ಹೊಗಳಿ ಅದು ಸುಮ್ಮನಾಗುವುದಿಲ್ಲ. ಅನೇಕ ಊರುಗಳನ್ನೂ ಮನೆಗಳನ್ನೂ ರೂಪಿಸಿದವನು, ಮಾತಿನಲ್ಲಿ ಪರಿಷ್ಕೃತನಾದವನು, ತಾನು ಮಾಡಿದ ಮನೆ, ಪ್ರಾಸಾದ, ವಾಹನ, ಆಸನ, ಮಂಚಗಳನ್ನೇ ತಲೆಯ ಮಣಿಮುಕುಟವಾಗಿ ಧರಿಸಿದವನು, ತೆಂಕಣ ನಾಡಿನ ಸೂತ್ರಧಾರಿ ಎಂದು ಒಂದೊಂದಾಗಿ ಎಣಿಸುತ್ತಾ ಹೋಗುತ್ತದೆ. ಇಂದಿನ ಮಾತಿನಲ್ಲಿ ಇದಕ್ಕೆ ಬಯೋಡಾಟಾ ಎನ್ನಬೇಕು. ಅವನು ಯಾವ ಸೀಮೆಯವನು, ಏನೇನು ಮಾಡಿದ್ದಾನೆ, ಯಾವ ಕೆಲಸ ಬಲ್ಲ, ಹೇಗೆ ಮಾತನಾಡುತ್ತಾನೆ ಎಂಬ ನಾಲ್ಕೂ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ.

ಹುನಗುಂದ ಸೀಮೆಯ ಐಹೊಳೆಯಲ್ಲಿ ಇನ್ನೊಂದು ಬಗೆಯ ಶಾಸನವಿದೆ. ಮನೆ, ಗುಡಿಗಳನ್ನು ಕಟ್ಟುವುದರಲ್ಲಿ ನರಸೊಬ್ಬನಿಗೆ ಸಮನಾದವನು ಜಂಬೂದ್ವೀಪದಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಾರ ಎಂಬುದು ಅದರ ಸಾರಾಂಶ. ಇದು ಬರೀ ಹೊಗಳಿಕೆ. ಆದರೂ ಐಹೊಳೆಯಲ್ಲಿ ನಿಂತು ಅದನ್ನು ಓದುವವರಿಗೆ ನಗೆ ಬರುವುದಿಲ್ಲ. ಸುತ್ತ ನಿಂತ ಗುಡಿಗಳೇ ಆ ಮಾತಿಗೆ ಸಾಕ್ಷಿ ಹೇಳುತ್ತವೆ. ಸಾಕ್ಷಿಯಿಲ್ಲದೆ ಇದೇ ಮಾತನ್ನು ನೌಕರಿಯ ಸಂದರ್ಶನದಲ್ಲಿ ಆಡಿದರೆ ಮೇಜಿನ ಆಚೆ ಕುಳಿತವರು ಮುಂದಿನವರನ್ನು ಕರೆಯುತ್ತಾರೆ.

ಸರ್ವಸಿದ್ಧಿಯ ನಾಡಿನ ತರುಣ ತರುಣಿಯರು ಇಂದು ಎಡವುವುದು ಹೊಗಳಿಕೊಂಡಲ್ಲ, ಮುಚ್ಚಿಟ್ಟುಕೊಂಡು. ‘ನಿಮಗೆ ಏನು ಕೆಲಸ ಬರುತ್ತದೆ?’ ಎಂದು ಕೇಳಿದರೆ ‘ಬಿ.ಎ. ಆಗೇತ್ರಿ’ ಎಂಬ ಉತ್ತರ ಬರುತ್ತದೆ. ಕೇಳಿದ್ದು ಕೈಯ ಬಗ್ಗೆ, ಹೇಳಿದ್ದು ಕಾಗದದ ಬಗ್ಗೆ. ಈ ಅಂತರ ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಸಂದರ್ಶನದ ಅರ್ಧ ಹೆದರಿಕೆ ಇಳಿಯುತ್ತದೆ.

ಕುಲಕಸುಬಿನಿಂದ ಮುಲ್ಕಿಯವರೆಗೆ

ಬಹುಕಾಲ ಈ ಭಾಗದಲ್ಲಿ ಕೆಲಸವನ್ನು ಯಾರೂ ಹುಡುಕುತ್ತಿರಲಿಲ್ಲ. ಹುಟ್ಟಿದ ಮನೆಯಲ್ಲಿಯೇ ಕೆಲಸವೂ ಇರುತ್ತಿತ್ತು. ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗು ಮೊದಲು ಕಂಡಿಕೆ ಸುತ್ತಲು ಕಲಿಯುತ್ತಿತ್ತು, ಆಮೇಲೆ ಹಾಸು ಹೂಡುವುದಕ್ಕೆ ಕೈಗೂಡುತ್ತಿತ್ತು, ಕಾಲು ಮೆಟ್ಟಿಗೆಗೆ ನಿಲುಕಿದ ಮೇಲೆ ಮಗ್ಗಕ್ಕೆ ಕೂರುತ್ತಿತ್ತು. ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದು ಮೈಗೂ ಸೆರಗಿಗೂ ಬೇರೆ ಬೇರೆ ಹಾಸು ಹೂಡಿ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದರಲ್ಲಿ. ಆ ಕೊಂಡಿ ಹಾಕಲು ಬರುತ್ತದೆಯೋ ಇಲ್ಲವೋ ಎಂದು ಯಾರನ್ನೂ ಬಾಯಿಮಾತಿನಲ್ಲಿ ಕೇಳಬೇಕಾಗಿರಲಿಲ್ಲ. ಸೆರಗು ಎಳೆದು ನೋಡಿದರೆ ಸಾಕಿತ್ತು.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಮಗ್ಗ, ಹೊಲದ ಮನೆಯವನಿಗೆ ನೇಗಿಲು ಎಂದು ಗೆರೆ ಕೊರೆದಿತ್ತು. ಯಾವ ಗೆರೆಯೊಳಗೂ ಸೇರಿಸಿಕೊಳ್ಳದೆ ಹೊರಗಿಟ್ಟ ಜನರಿಗೆ ಆಯ್ಕೆ ಎಂಬುದೇ ಇರಲಿಲ್ಲ.

ಆ ಗೆರೆಯನ್ನು ಸ್ವಲ್ಪ ಮಟ್ಟಿಗೆ ಅಳಿಸಿದ್ದು ಪರೀಕ್ಷೆ. ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಬಾಗಲಕೋಟೆಗೆ ಹತ್ತಿರದ ಕಲಾದಗಿಯೇ 1885ರವರೆಗೆ ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು. ಆ ವರ್ಷ ಕಚೇರಿಗಳು ವಿಜಾಪುರಕ್ಕೆ ಹೋದವು. ಕಚೇರಿ ಬಂದಲ್ಲಿ ಬರೆಯುವವರು ಬೇಕು, ಸಾಲಿ ತೆರೆದಲ್ಲಿ ಮಾಸ್ತರರು ಬೇಕು. ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆ, ಕಾರಕೂನಿಕೆಗಳ ಬಾಗಿಲು ತೆರೆಯಿತು. ‘ಮುಲ್ಕಿ ಆಗೇತಿ’ ಎಂಬ ಎರಡು ಶಬ್ದಕ್ಕೆ ಹಳ್ಳಿಯಲ್ಲಿ ಇದ್ದ ತೂಕ ಇಂದು ಸ್ನಾತಕೋತ್ತರ ಪದವಿಗೂ ಇಲ್ಲ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1963ರಲ್ಲಿ ಅದೇ ಸಂಘದ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಓದಿದರೆ ನೌಕರಿ ಎಂಬ ನಂಬಿಕೆ ಮನೆಮನೆಗೆ ಇಳಿಯಿತು.

ಅದರೊಂದಿಗೆ ಇನ್ನೊಂದು ನಂಬಿಕೆಯೂ ಇಳಿಯಿತು. ಕೈಕೆಲಸವೆಂದರೆ ಓದಲಾಗದವರ ಪಾಲಿನದು ಎಂಬುದು ಅದು. ಸರ್ವಸಿದ್ಧಿ ಕಲ್ಲಿನ ಮೇಲೆ ಬರೆಸಿಕೊಂಡದ್ದನ್ನು ಅವನ ನಾಡಿನ ಪದವೀಧರ ಅರ್ಜಿಯಿಂದ ಅಳಿಸಿಹಾಕತೊಡಗಿದ.

ನ್ಯಾಯಾಲಯದ ಕಟಕಟೆಯಲ್ಲಿ ಸಂದರ್ಶನ

ಬರವಣಿಗೆಯ ಪರೀಕ್ಷೆ ನೆನಪನ್ನು ಅಳೆಯುತ್ತದೆ, ಮನುಷ್ಯನನ್ನು ಅಳೆಯುವುದಿಲ್ಲ. ಆ ಕೊರತೆ ತುಂಬಲು ಮೌಖಿಕ ಪರೀಕ್ಷೆ ಬಂದಿತು. ಆದರೆ ಎದುರು ಕುಳಿತವರು ಯಾರ ಮಗ, ಯಾವ ಜಾತಿ, ಯಾರ ಚೀಟಿ ತಂದಿದ್ದಾನೆ ಎಂಬುದನ್ನು ನೋಡಿಯೇ ಅಂಕ ಕೊಡುತ್ತಾರೆಂಬ ಸಂಶಯವೂ ಜೊತೆಯಲ್ಲಿಯೇ ಬಂದಿತು. ಉತ್ತರ ಕರ್ನಾಟಕದಲ್ಲಿ ‘ವಶೀಲಿ’ ಎಂಬ ಶಬ್ದ ಯಾರಿಗೂ ಅರ್ಥ ಹೇಳಬೇಕಾದದ್ದಲ್ಲ.

ಈ ಸಂಶಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಏರಿದ ಮೊದಮೊದಲ ಪ್ರಕರಣಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಅಂದಿನ ಮೈಸೂರು ಸರ್ಕಾರ ಸಂದರ್ಶನದ ಅಂಕಗಳನ್ನು ಸೇರಿಸಿದ್ದನ್ನು ಚಿತ್ರಲೇಖಾ ಪ್ರಕರಣದಲ್ಲಿ ಪ್ರಶ್ನಿಸಲಾಯಿತು. 1964ರಲ್ಲಿ ನ್ಯಾಯಾಲಯ ಬಹುಮತದಿಂದ ಆ ಪದ್ಧತಿಯನ್ನು ಎತ್ತಿಹಿಡಿಯಿತು. ಹದಿನಾರು ವರ್ಷಗಳ ಬಳಿಕ ಗಾಳಿ ತಿರುಗಿತು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ 1980ರಲ್ಲಿ ತೀರ್ಪು ಬಂದಿತು. ಅಲ್ಲಿ ಒಟ್ಟು 150 ಅಂಕಗಳಲ್ಲಿ 50 ಸಂದರ್ಶನಕ್ಕೆ ಮೀಸಲಾಗಿದ್ದವು. ಒಬ್ಬೊಬ್ಬ ವಿದ್ಯಾರ್ಥಿಗೆ ಸಿಕ್ಕಿದ್ದು ಎರಡು ಮೂರು ನಿಮಿಷವಷ್ಟೇ ಎಂಬುದು ದೂರು. ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋ ಇಚ್ಛೆಗೆ ದಾರಿ ಮಾಡಿಕೊಡುತ್ತದೆ ಎಂದು ನ್ಯಾಯಾಲಯ ಹೇಳಿತು. 1985ರಲ್ಲಿ ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ, ನಾಗರಿಕ ಸೇವೆಗಳ ಆಯ್ಕೆಯಲ್ಲಿ ಸಾಮಾನ್ಯ ಅಭ್ಯರ್ಥಿಗಳಿಗೆ ಈ ಪ್ರಮಾಣ ಶೇ 12.2 ಮೀರಬಾರದೆಂದು ಸೂಚಿಸಿತು.

ಅಲ್ಲಿಂದ ಮುಂದೆ ಸರ್ಕಾರಿ ನೇಮಕಾತಿಯಲ್ಲಿ ಸಂದರ್ಶನ ಕುಗ್ಗುತ್ತಲೇ ಬಂದಿದೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಬ್ಯಾಂಕ್ ಗುಮಾಸ್ತರ ನೇಮಕದಲ್ಲಿಯೂ ಅದು ಇಲ್ಲ. ಉಳಿದಿರುವುದು ಬ್ಯಾಂಕ್ ಅಧಿಕಾರಿ, ನಾಗರಿಕ ಸೇವೆಯಂಥ ಮೇಲಿನ ಹುದ್ದೆಗಳಲ್ಲಿ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ 275 ಸಂದರ್ಶನಕ್ಕೆ ಸೇರಿವೆ.

ಖಾಸಗಿ ವಲಯದ ಲೆಕ್ಕ ಇದಕ್ಕೆ ತಿರುವುಮುರುವು. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಗ್ರಾನೈಟ್ ಘಟಕ, ಆಸ್ಪತ್ರೆ, ಖಾಸಗಿ ಶಾಲೆ, ಬೆಂಗಳೂರಿನ ಕಂಪನಿ, ಎಲ್ಲಿ ಹೋದರೂ ಮಾತುಕತೆಯೇ ಪರೀಕ್ಷೆ. ಆದ್ದರಿಂದ ಅರ್ಜಿ ಹಾಕುವ ಮೊದಲು ತಿಳಿಯಬೇಕಾದದ್ದು ಇದು: ಈ ಹುದ್ದೆಗೆ ಸಂದರ್ಶನ ಇದೆಯೇ, ಇದ್ದರೆ ಅದರ ತೂಕ ಎಷ್ಟು? ಸಂದರ್ಶನವೇ ಇಲ್ಲದ ಹುದ್ದೆಗೆ ‘ಸಂದರ್ಶನದಲ್ಲಿ ನೋಡಿಕೊಳ್ಳುತ್ತೇವೆ’ ಎಂದು ಯಾರಾದರೂ ಹೇಳಿದರೆ ಅವರು ಯಾರೆಂಬುದು ಅಲ್ಲಿಯೇ ತಿಳಿಯುತ್ತದೆ.

ಒಂದೇ ರಸ್ತೆ, ಎರಡು ಲೆಕ್ಕ

ಇಳಕಲ್ಲಿನ ಯುವಕರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಪಕ್ಕದ ಕುಷ್ಟಗಿಯವರಿಗೆ ಇರುವ ಮೀಸಲಾತಿ ನಮಗೇಕಿಲ್ಲ? ಮಳೆ ಅಷ್ಟೇ, ಬರ ಅಷ್ಟೇ, ಗುಳೆ ಹೋಗುವುದೂ ಅಷ್ಟೇ. ಉತ್ತರ ಇತಿಹಾಸದಲ್ಲಿದೆ. ಹುನಗುಂದ, ಇಳಕಲ್, ಬಾದಾಮಿ, ಬಾಗಲಕೋಟೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಕುಷ್ಟಗಿ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿ ಆ ಹಳೆಯ ಗಡಿಯನ್ನು ಅನುಸರಿಸಿದೆ. ಅದರಂತೆ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80, ‘ಡಿ’ ಗುಂಪಿನಲ್ಲಿ ಶೇ 85 ಅಲ್ಲಿಯವರಿಗೆ ಮೀಸಲು. ಬಾಗಲಕೋಟೆ ಜಿಲ್ಲೆ ಆ ಪಟ್ಟಿಯಲ್ಲಿ ಇಲ್ಲ.

ಹಾಗೆಂದು ಈ ಜಿಲ್ಲೆಯವರ ಕೈ ಬರಿದಾಗಿಲ್ಲ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ, ನಿಯಮದ ಇತರ ಷರತ್ತುಗಳಿಗೆ ಒಳಪಟ್ಟು, ಶೇ 25 ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಹೊಲ ಬಿಟ್ಟುಕೊಟ್ಟು ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದ ಕುಟುಂಬದವರು ಯೋಜನಾ ನಿರಾಶ್ರಿತರ ಮೀಸಲಾತಿಯನ್ನು ಮರೆಯುವಂತಿಲ್ಲ.

ಈ ಸೌಲಭ್ಯ ಕೈತಪ್ಪುವುದು ಬುದ್ಧಿಯ ಕೊರತೆಯಿಂದಲ್ಲ, ಕಾಗದದ ಕೊರತೆಯಿಂದ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಓಡಾಟವೂ ಎರಡು ಮೂರು ಪಟ್ಟು. ಅರ್ಜಿಯ ಕೊನೆಯ ದಿನಾಂಕ ಕಂಡ ಮೇಲೆ ಶಾಲೆಯ ಬಾಗಿಲು ಬಡಿದರೆ ಕೆಲಸ ಆಗುವುದಿಲ್ಲ. ಪದವಿಯ ಕೊನೆಯ ವರ್ಷದಲ್ಲಿಯೇ ಈ ಕಾಗದಗಳನ್ನು ಮಾಡಿಸಿ, ಹೆಸರಿನ ಅಕ್ಷರ, ಜನ್ಮದಿನಾಂಕ ಎಲ್ಲ ದಾಖಲೆಯಲ್ಲಿಯೂ ಒಂದೇ ಇದೆಯೇ ಎಂದು ನೋಡಿಟ್ಟುಕೊಳ್ಳುವುದು ಜಾಣತನ.

ಖಾಲಿ ಇದ್ದೆ ಎನ್ನಬೇಡಿ

ಇನ್ನು ಸಂದರ್ಶನದ ಕೋಣೆಯ ಮಾತು. ‘ನಿಮ್ಮ ಬಗ್ಗೆ ಹೇಳಿ’ ಎಂಬುದು ಬಹುಮಟ್ಟಿಗೆ ಮೊದಲ ಪ್ರಶ್ನೆ. ತಂದೆಯ ಹೆಸರು, ಊರು, ಓದಿದ ಶಾಲೆ ಇವೆಲ್ಲ ಅರ್ಜಿಯಲ್ಲಿಯೇ ಇವೆ. ಕೇಳುವವರಿಗೆ ಬೇಕಾದದ್ದು ಅರ್ಜಿಯಲ್ಲಿ ಇಲ್ಲದ್ದು. ‘ಪದವಿ ಮುಗಿದು ಎರಡು ವರ್ಷ ಆಯಿತಲ್ಲ, ಏನು ಮಾಡುತ್ತಿದ್ದಿರಿ?’ ಎಂಬುದು ಎರಡನೆಯದು. ಇದಕ್ಕೆ ನೂರಕ್ಕೆ ತೊಂಬತ್ತು ಮಂದಿ ಕೊಡುವ ಉತ್ತರ ‘ಖಾಲಿ ಇದ್ದೆ ಸರ್’.

ಅದು ಸುಳ್ಳು. ಈ ಸೀಮೆಯಲ್ಲಿ ಖಾಲಿ ಇರಲು ಯಾರ ಮನೆಯಲ್ಲಿಯೂ ಅನುಕೂಲವಿಲ್ಲ. ಒಬ್ಬಳು ಅಪ್ಪನ ಮಗ್ಗದ ಲೆಕ್ಕ ನೋಡಿಕೊಂಡಿರುತ್ತಾಳೆ. ಒಬ್ಬ ಗೋವೆಗೋ ಮಂಗಳೂರಿಗೋ ಹೋಗಿ ಕಟ್ಟಡದ ಕೆಲಸ ಮಾಡಿ ಬಂದಿರುತ್ತಾನೆ. ಇನ್ನೊಬ್ಬ ಗ್ರಾನೈಟ್ ಘಟಕದಲ್ಲಿ ಹಾಳೆಗಳನ್ನು ಎಣಿಸಿ ಲಾರಿಗೆ ಏರಿಸಿರುತ್ತಾನೆ. ಮತ್ತೊಬ್ಬ ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕಿರುತ್ತಾನೆ. ಇವೆಲ್ಲ ಅನುಭವವೇ. ಹೇಳುವ ಕ್ರಮ ಗೊತ್ತಿರಬೇಕು ಅಷ್ಟೆ.

ಸರ್ವಸಿದ್ಧಿಯ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಗುಣ ಹೇಳುವುದಕ್ಕಿಂತ ಮಾಡಿದ್ದನ್ನು ಹೇಳಬೇಕು, ಅದರಲ್ಲಿಯೂ ಎಣಿಕೆಗೆ ಸಿಗುವುದನ್ನು ಹೇಳಬೇಕು. ‘ನಾನು ಬಹಳ ಜವಾಬ್ದಾರಿಯವಳು’ ಎಂದರೆ ಕೇಳಿದವರು ಏನನ್ನೂ ಬರೆದುಕೊಳ್ಳುವುದಿಲ್ಲ. ‘ನಮ್ಮ ಮನೆಯಲ್ಲಿ ಮೂರು ಮಗ್ಗ ಇವೆ. ನೂಲು ಎಷ್ಟು ಬಂತು, ಸೀರೆ ಎಷ್ಟು ಹೋಯಿತು, ಯಾರಿಗೆ ಎಷ್ಟು ಕೂಲಿ ಕೊಡಬೇಕು ಎಂಬ ಲೆಕ್ಕವನ್ನು ಎರಡು ವರ್ಷ ನಾನೇ ಬರೆದೆ. ಒಮ್ಮೆ ತೂಕದಲ್ಲಿ ವ್ಯತ್ಯಾಸ ಬಂದಾಗ ಹಳೆಯ ಚೀಟಿ ತೆಗೆದು ತೋರಿಸಿದೆ’ ಎಂದರೆ ಪೆನ್ನು ಓಡುತ್ತದೆ. ಲೆಕ್ಕದ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಶಿಫಾರಸು ಯಾವ ದೊಡ್ಡವರ ಚೀಟಿಯಲ್ಲಿಯೂ ಇರುವುದಿಲ್ಲ.

ಊರಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಬಾದಾಮಿಯವರನ್ನು ಗುಹೆಗಳ ಬಗ್ಗೆ, ಇಳಕಲ್ಲಿನವರನ್ನು ಸೀರೆಯ ಬಗ್ಗೆ, ಬಾಗಲಕೋಟೆಯವರನ್ನು ಮುಳುಗಡೆಯ ಬಗ್ಗೆ ಕೇಳದೆ ಬಿಡುವುದಿಲ್ಲ. ಕೇಳುವವರಿಗೆ ಪ್ರವಾಸಿ ಮಾಹಿತಿ ಬೇಕಾಗಿಲ್ಲ. ದಿನವೂ ಕಣ್ಣೆದುರು ಇರುವುದನ್ನು ಈ ವ್ಯಕ್ತಿ ಗಮನಿಸಿದ್ದಾನೆಯೇ ಎಂದು ನೋಡುತ್ತಾರೆ. ಕೊಂಡಿ ಹೇಗೆ ಹಾಕುತ್ತಾರೆಂದು ನಾಲ್ಕು ವಾಕ್ಯದಲ್ಲಿ ಬಿಡಿಸಿ ಹೇಳಬಲ್ಲವನು ಗ್ರಾಹಕನಿಗೆ ಬ್ಯಾಂಕಿನ ಯೋಜನೆಯನ್ನೂ ಬಿಡಿಸಿ ಹೇಳಬಲ್ಲ ಎಂಬುದು ಅವರ ಲೆಕ್ಕ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದು ಒಂದೇ ಸಲ, ತಲೆ ತಗ್ಗಿಸದೆ ಹೇಳಬೇಕು. ಸುತ್ತಿ ಬಳಸಿ ಹೇಳಿದ ಉತ್ತರ ಮುಂದಿನ ಸರಿಯುತ್ತರದ ಬೆಲೆಯನ್ನೂ ಇಳಿಸುತ್ತದೆ.

ಭಾಷೆಯ ಅಂಜಿಕೆ ದೊಡ್ಡದು. ಕೇಂದ್ರ ಲೋಕಸೇವಾ ಆಯೋಗದ ಸಂದರ್ಶನವನ್ನೇ ಕನ್ನಡದಲ್ಲಿ ಎದುರಿಸಲು ಅವಕಾಶವಿದೆ. ಗುಮಾಸ್ತರ ಬ್ಯಾಂಕ್ ಪರೀಕ್ಷೆಗಳು ಕನ್ನಡದಲ್ಲಿಯೂ ನಡೆಯುತ್ತವೆ. ಬೆಂಗಳೂರಿನಲ್ಲಿ ‘ಹೌದ್ರಿ’, ‘ಇಲ್ರಿ’ ಎಂದರೆ ನಕ್ಕಾರು ಎಂದು ಹೆದರುವವರಿದ್ದಾರೆ. ಆ ‘ರಿ’ ಮರ್ಯಾದೆಯ ಅಕ್ಷರ, ಅದನ್ನು ನುಂಗಿ ಬೇರೆ ಸೀಮೆಯ ಕನ್ನಡವನ್ನು ಅನುಕರಿಸಹೊರಟರೆ ಎರಡೂ ಕೈಬಿಡುತ್ತವೆ. ಇಂಗ್ಲಿಷ್ ಬೇಕಾದ ಕೆಲಸಕ್ಕೆ ಇಂಗ್ಲಿಷ್ ಕಲಿಯಲೇಬೇಕು. ಆದರೆ ಬಾಯಿಪಾಠ ಮಾಡಿದ ಹತ್ತು ವಾಕ್ಯಕ್ಕಿಂತ, ತನ್ನ ಕೆಲಸದ ಬಗ್ಗೆ ತಾನೇ ಕಟ್ಟಿದ ಸಣ್ಣ ಸಣ್ಣ ಮೂರು ವಾಕ್ಯ ಮೇಲು. ಬಾಯಿಪಾಠದ್ದು ನಡುವೆ ಒಂದು ಪ್ರಶ್ನೆ ಬಂದ ಕೂಡಲೇ ಕಡಿದು ಹೋಗುತ್ತದೆ.

ಹಣ ಕೇಳುವವರು

ಹಿಂದೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕಾರ್ಡು ಬರುವುದನ್ನು ಕಾಯುವುದೇ ನೌಕರಿಯ ದಾರಿಯಾಗಿತ್ತು. ಅಲ್ಲಿಂದ ಹೆಸರು ಕರೆಸಿಕೊಂಡರೆ ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಣೆ ಕೊಡಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ ಮೇಲೆ ಬಾಗಿಲು ಅಗಲವಾಯಿತು. ಇಂದು ಸುದ್ದಿ ಕೈಯಲ್ಲಿನ ಫೋನಿಗೇ ಬರುತ್ತದೆ. ಅದರ ಜೊತೆಗೆ ಸುಳ್ಳೂ ಬರುತ್ತದೆ. ಠೇವಣಿ ಕಟ್ಟಿ, ಸಮವಸ್ತ್ರಕ್ಕೆ ಹಣ ಕಳಿಸಿ, ಆದೇಶಪತ್ರ ಸಿದ್ಧವಿದೆ ಎನ್ನುವವರು ನೌಕರಿ ಕೊಡುವವರಲ್ಲ. ಅರ್ಜಿ ಶುಲ್ಕವನ್ನು ಬಿಟ್ಟು ನೌಕರಿಗೆ ಬೇರೆ ಬೆಲೆ ಇಲ್ಲ. ವಿದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಂತೆ ನೋಂದಾಯಿತರೇ ಎಂದು ಕೇಳಿಯೇ ಮುಂದುವರಿಯಬೇಕು.

ಹಣ ಕೊಟ್ಟು ಕೊಳ್ಳಹೊರಟರೆ ಏನಾಗುತ್ತದೆ ಎಂಬುದನ್ನು ರಾಜ್ಯ ಕಂಡಿದೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಡ್ಡದಾರಿ ಹಿಡಿದವರು ಪ್ರಕರಣಗಳಲ್ಲಿ ಸಿಕ್ಕಿಕೊಂಡರು. ಓದಿ ಬರೆದವರು ತಮ್ಮದಲ್ಲದ ತಪ್ಪಿಗೆ ಎರಡು ವರ್ಷಕ್ಕಿಂತ ಹೆಚ್ಚು ಕಾಲವನ್ನು ಕಳೆದುಕೊಂಡರು. ಹೊಲ ಮಾರಿ ವಶೀಲಿಗೆ ಸುರಿಯುವ ಮನೆ ಇನ್ನೊಬ್ಬರ ಮಕ್ಕಳ ವಯಸ್ಸನ್ನೂ ಅದರಲ್ಲಿಯೇ ಸುರಿಯುತ್ತದೆ.

ಪ್ರಾಮಾಣಿಕ ದಾರಿ ಉದ್ದವಾದದ್ದು ನಿಜ. ಆದರೆ ನಡುವೆ ನಿಲ್ದಾಣಗಳಿವೆ. 1961ರ ಶಿಶಿಕ್ಷು ಕಾಯ್ದೆಯಂತೆ ಕಾರ್ಖಾನೆಗಳಲ್ಲಿ ಭತ್ಯೆ ಪಡೆದು ತರಬೇತಿ ಹೊಂದಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸ್ವ ಉದ್ಯೋಗ ತರಬೇತಿಯ ಪ್ರಯೋಗ ಇಂದು ದೇಶದ ಜಿಲ್ಲೆ ಜಿಲ್ಲೆಗಳಿಗೆ ಹರಡಿದೆ. ಪರೀಕ್ಷೆಗೆ ಓದುತ್ತಲೇ ಇಂಥದೊಂದು ಕೆಲಸ ಕಲಿತವರು ಸಂದರ್ಶನಕ್ಕೆ ಹೋದಾಗ ಹೇಳಲು ಏನಾದರೂ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಹೆಸರು ಪಟ್ಟಿಯಲ್ಲಿ ಬಾರದಿರಬಹುದು. ಹುದ್ದೆ ಹತ್ತಿದ್ದು, ಬಂದವರು ಸಾವಿರವಾದರೆ ಯೋಗ್ಯರೂ ಹಿಂತಿರುಗಬೇಕಾಗುತ್ತದೆ. ಊರಿಗೆ ಬಂದಾಗ ‘ನೌಕರಿ ಹತ್ತಲಿಲ್ಲೇನು?’ ಎಂದು ಕಟ್ಟೆಯ ಮೇಲಿನವರು ಕೇಳುವ ಪ್ರಶ್ನೆ ಸಂದರ್ಶನದ ಪ್ರಶ್ನೆಗಳಿಗಿಂತ ಕಠಿಣ. ಆ ಕೇಳುವವರೂ, ಕೇಳಿಸಿಕೊಂಡು ಬಾಗಿಲು ಹಾಕಿಕೊಳ್ಳುವವರೂ, ರಾತ್ರಿಯೆಲ್ಲ ಎಚ್ಚರವಿರುವ ತಾಯಿ ತಂದೆಯರೂ ನೆನಪಿಡಬೇಕಾದ ಮಾತೊಂದಿದೆ. ಕೆಲವು ನಿಮಿಷಗಳ ಮಾತಿಗೆ ಮನುಷ್ಯನ ಭವಿಷ್ಯದ ಮೂರರಲ್ಲೊಂದು ಪಾಲನ್ನು ಒಪ್ಪಿಸುವುದು ಸರಿಯಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಕಂಡುಕೊಂಡಿದೆ. ಅಂಥ ಕೆಲವು ನಿಮಿಷಗಳ ಫಲಿತಾಂಶಕ್ಕೆ ಮನೆಯವರೂ ಊರವರೂ ಅದಕ್ಕಿಂತ ಹೆಚ್ಚಿನ ತೂಕ ಕೊಡಬೇಕಾಗಿಲ್ಲ.